ಲೆಕ್ಕಕ್ಕೆ ಸಿಗದ ರಬ್ಬರ್ ಮ್ಯಾಟು

ರಸ್ತೆಯಂಚಿನಲ್ಲಿ ಮಳೆನೀರು ಇಳಿಯಲೆಂದು ಕೂರಿಸಿದ ಕಬ್ಬಿಣದ ಜಾಲರಿಯನ್ನು ನೀವು ಎಂದಾದರೂ ಗೌರವದಿಂದ ನೋಡಿದ್ದೀರಾ? ಅಮೆರಿಕದ ಕ್ಯಾಂಟನ್ನಿನ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಯಾರ ಮನೆಯ ಹುಲ್ಲು ಎಷ್ಟು ಬೆಳೆದಿದೆಯೆಂದು ಗಮನಿಸುವ ನಾನೂ ಅದನ್ನು ದಾಟಿಕೊಂಡೇ ವಾಕಿಂಗ್ ಹೋಗುತ್ತಿದ್ದವಳು. ಅದರ ಮಹಾತ್ಮೆಯ ಪಾರಾಯಣವೆಲ್ಲ ನಮ್ಮ ಯಜಮಾನರದು. ಎಷ್ಟು ಮಳೆ ಬೀಳುವ ಸಂಭವವೆಷ್ಟು, ಬಿದ್ದದ್ದರಲ್ಲಿ ಮಣ್ಣು ಕುಡಿಯುವುದೆಷ್ಟು, ಕೊಳವೆಗೆ ಓಡುವುದೆಷ್ಟು ಎಂದು ತಿಳಿಯಲು ಕಂಪ್ಯೂಟರಿನಲ್ಲಿ ಸಾವಿರಾರು ಕಾಲ್ಪನಿಕ ಮಳೆ ಸುರಿಸುವುದೇ ಅವರ ಉದ್ಯೋಗ. ಮನೆಯ ಕರಿಬೇವಿಗೆ ಒಂದು ಲೋಟ ನೀರು ಹಾಕಿ ಎಂದರೆ ಮಾತ್ರ ಈ ವರುಣದೇವರಿಗೆ ಮರೆವು.

ಪಕ್ಕದ ಮನೆಯ, ದಾವಣಗೆರೆ ಕಡೆಯ ನಸ್ರೀನಳ ಮಗಳು ಆಯಿಷಾಳ ನಿಕಾಹ್‌ನ ಹಿಂದಿನ ದಿನ. ಮಧ್ಯಾಹ್ನ ಮೆಹಂದಿ. ಮದುವೆಯ ಬಟ್ಟೆಗಳನ್ನೆಲ್ಲ ನಸ್ರೀನ್ ಬೇಸ್‌ಮೆಂಟಿನ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಜೋಡಿಸಿದ್ದಳು. ಬೀದಿಯಲ್ಲೇ ತಗ್ಗಿನ ಮನೆ ಅವಳದು. ಮೋಡ ಕಂಡು ಅವಳಿಗೆ ಗಾಬರಿ; ನಮ್ಮ ಯಜಮಾನರನ್ನೇ ಕೇಳಿದಳು.

"ಅಣ್ಣಾ, ಬಟ್ಟಿ ಎಲ್ಲಾ ಮ್ಯಾಲೆ ತರ್ಲೇನು?"

"ಸುಮ್ನಿರಮ್ಮ. ರಸ್ತೆ ನೀರು ನಿಮ್ಮನೆಗೆ ಬರೋ ಛಾನ್ಸು ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ. ನಾನೇ ಲೆಕ್ಕ ಹಾಕಿದೀನಿ."

ಬಂದ ಮಳೆಯೇನೋ ಸಾಧಾರಣದ್ದೇ. ಹಾಡುಗಳ ನಡುವೆ ನಸ್ರೀನಳ ಚೀತ್ಕಾರ ಕೇಳಿ ನಾನು ಕೆಳಗಿಳಿದರೆ, ನೆಲಮಟ್ಟದ ಕಿಟಕಿಯಿಂದ ರಸ್ತೆಯೇ ಒಳಗೆ ಬರುತ್ತಿತ್ತು! ಮದುಮಗಳ ಕೆಂಪು ಲೆಹಂಗಾ ಕಂದು ನೀರಿನಲ್ಲಿ ಅರಳಿಕೊಂಡು ತೇಲುತ್ತಿತ್ತು.

ಯಜಮಾನರು ಹೊರಗೋಡಿ, ನಿಂತ ನೀರಿನಲ್ಲಿ ಕೈಯಾಡಿಸಿ, ಎಳೆದು ತೆಗೆದದ್ದು ನಮ್ಮದೇ ಗರಾಜಿನ ರಬ್ಬರ್ ಮ್ಯಾಟು. ಕಾರಿಳಿಯುವ ಹೆಂಗಸರ ಹೀಲ್ಸು ಸಿಕ್ಕಿಕೊಳ್ಳದಿರಲೆಂದು ಬೆಳಿಗ್ಗೆ ಪರೋಪಕಾರಾರ್ಥವಾಗಿ ನಸ್ರೀನಳ ಮನೆಯೆದುರಿನ ಜಾಲರಿಯ ಮೇಲೆ ಅದನ್ನು ಹಾಸಿದವರು, ಓದುಗರೇ, ಸ್ವತಃ ಅವರೇ! ಅಷ್ಟೊಂದು ಮಳೆಗಳಿಗೆ ಜಾಗವಿದ್ದ ಆ ಲೆಕ್ಕದಲ್ಲಿ ಒಬ್ಬ ಒಳ್ಳೆಯ ನೆರೆಯವನಿಗೆ ಜಾಗವಿರಲಿಲ್ಲ.

"ಅಣ್ಣಾ, ನಿಮ್ಮ ಲೆಕ್ಕದಾಗ ಈ ಮ್ಯಾಟ್ ಇತ್ತೇನ್ರೀ?" ನಸ್ರೀನ್ ಅಳುತ್ತಲೇ ಕೇಳಿದಳು.

ಮೆಹಂದಿಯ ಕೈಗಳನ್ನು ಗಾಳಿಯಲ್ಲೇ ಹಿಡಿದಿದ್ದ ಆಯಿಷಾ, "ಅಂಕಲ್, ಯು ಹ್ಯಾಡ್ ಒನ್ ಜಾಬ್!" ಎಂದಳು. ನಕ್ಕಳೋ ಅತ್ತಳೋ ನನಗಿನ್ನೂ ತಿಳಿದಿಲ್ಲ.

ಬೀದಿಯ ಹೆಂಗಸರೆಲ್ಲ ಸೇರಿ ಲೆಹಂಗಾ ತೊಳೆದು, ಫ್ಯಾನಿಗೊಡ್ಡಿ, ಜರಿ ಸುಡದಂತೆ ಇಸ್ತ್ರಿ ಮಾಡಿದೆವು. ಅಂಚಿನಲ್ಲಿ ಕಂದು ಗೆರೆಯೊಂದು ಉಳಿದೇ ಉಳಿಯಿತು. ಹುಡುಗಿ ಅದನ್ನೇ ತೊಟ್ಟಳು.

ಮದುವೆಯ ಬೆಳಿಗ್ಗೆ ಮತ್ತೆ ಮೋಡ. "ಇವತ್ತು ಹೆಂಗಣ್ಣಾ?" ಎಂದಳು ನಸ್ರೀನ್. ಯಜಮಾನರು ಹೊಸ ಸೂಟಿನಲ್ಲೇ ಛತ್ರಿ ಹಿಡಿದು ಹೋಗಿ, ದಿಬ್ಬಣ ಪೂರ್ತಿ ಕಾರು ಹತ್ತುವವರೆಗೂ ಆ ಬರಿಯ ಜಾಲರಿಯ ಪಕ್ಕದಲ್ಲಿ ನಿಂತು, ಒಬ್ಬೊಬ್ಬರಿಗೂ, "ಆಂಟಿ, ಹೀಲ್ಸು ಜೋಪಾನ" ಎನ್ನುತ್ತಿದ್ದರು.