ಪಾಠಯೋಜನೆಯಲ್ಲಿ ಇಲ್ಲದ ಬಸ್ಸು

ಬಿ.ಎಸ್ಸಿ. ಬಿ.ಎಡ್. ಓದುವಾಗ ನನಗಿಂತ ಚೆನ್ನಾಗಿ ಪಾಠ ಮಾಡುವ ಎಲ್ಲ ಗೆಳತಿಯರ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಆದರೆ ಹೊಟ್ಟೆ ನಿಜವಾಗಿ ಉರಿದದ್ದು ಒಬ್ಬ ಅಟೆಂಡರಿಂದ.

ಬಿಜೈ ಹತ್ತಿರದ ಶಾಲೆಯೊಂದರಲ್ಲಿ ನನ್ನ ಅಭ್ಯಾಸ ಪಾಠ ನಡೆದಿತ್ತು. ಅಂಕ ಹಾಕಲು ನಮ್ಮ ಲೆಕ್ಚರರ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಕೇಳುವ ಪ್ರಶ್ನೆ ಮಾತ್ರವಲ್ಲ, ಮಕ್ಕಳು ಕೊಡಬೇಕಾದ ಉತ್ತರವನ್ನೂ ಪಾಠಯೋಜನೆಯಲ್ಲಿ ಬರೆದಿಟ್ಟಿದ್ದೆ. ಮಕ್ಕಳೇ ಪ್ರಶ್ನೆ ಕೇಳಿಯಾರು ಎಂದು ಮಾತ್ರ ಬರೆದಿರಲಿಲ್ಲ.

"ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಆಗುವುದು ಎಂತಕ್ಕೆ ಟೀಚರ್?" ಎಂದಳು ಮುಂದಿನ ಬೆಂಚಿನ ಫಾತಿಮಾ.

"ಅದು ನಿಯಮ."

"ಆ ನಿಯಮ ಎಂತಕ್ಕೆ?"

ನಾನು ಚಾರ್ಟಿನ ಮೂಲೆ ಸರಿಮಾಡತೊಡಗಿದೆ.

ಚಾಕ್‌ಪೀಸ್ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಲೀಲಕ್ಕ ಸುಮ್ಮನಿರಬಹುದಿತ್ತು. "ಬಸ್ಸು ಸ್ಟಾಪಿಗೆ ಬೆನ್ನು ಹಾಕಿ ನಿಂತುಂಟು ಅಂತ ಇಟ್ಕೊ ಮಗಾ. ರಿವರ್ಸ್ ಬಂದ್ರೆ ಎಲ್ಲಿಗೆ ಬರ್ತದೆ?"

"ಸ್ಟಾಪಿಗೇ!" ಎಂದು ಇಡೀ ತರಗತಿ ಕೂಗಿತು.

"ಎರಡು ಸಲ ಉಲ್ಟಾ ಆಯ್ತಲ್ಲ, ಸರಿಯಾಯ್ತು. ಅಷ್ಟೇ ಅಲ್ವಾ ಟೀಚರ್?" ಎಂದು ನನ್ನನ್ನೇ ಕೇಳಿ, ಚಾಕ್‌ಪೀಸ್ ಮೇಜಿನ ಮೇಲಿಟ್ಟು ಹೋದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಬಣ್ಣಬಣ್ಣದ ಚಾರ್ಟಿಗೆ ಯಾರೂ ತಟ್ಟಿರಲಿಲ್ಲ.

ಲೆಕ್ಚರರ್ ನನ್ನ ಹೆಸರಿನ ಮುಂದೆ "ಬಸ್ಸಿನ ಉದಾಹರಣೆ ಬಹಳ ಚೆನ್ನಾಗಿತ್ತು" ಎಂದು ಬರೆದು ಒಳ್ಳೆಯ ಅಂಕ ಹಾಕಿದರು. ಆ ಅಂಕ ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಈಗ ನಾನೂ ಗಣಿತದ ಟೀಚರ್. ಪ್ರತಿ ವರ್ಷ ಅದೇ ಬಸ್ಸನ್ನು ರಿವರ್ಸ್ ತರುತ್ತೇನೆ. ಅದಕ್ಕೆ ಮೊದಲು ತರಗತಿಯ ಬಾಗಿಲು ಹಾಕಿ ಬರುತ್ತೇನೆ.