ಏಳು ಸೀಸೆಯ ಸಮುದ್ರ

ನಾನು ಆಡಿದ ಒಂದು ಸುಳ್ಳಿಗೆ ಬೆಲೆ ತೆತ್ತವರು ಲಲಿತಮ್ಮ—ನಾಲ್ಕು ವರ್ಷದ ಕೆಲಸ. ಆಡಿದ್ದು ಬರೀ ಹೆದರಿಕೆಗೆ. ಆ ಹೆದರಿಕೆ ಇನ್ನೂ ಹೋಗಿಲ್ಲ.

ಎಪ್ಪತ್ತರ ದಶಕದ ಆರಂಭ. ಬಿಜಾಪುರದ ಕಡೆಯಿಂದ ಬರಿಗೈಲಿ ಬಂದು, ಚೆಂಬೂರಿನಲ್ಲಿ ಹಳೆ ಸೀಸೆಯ ಅಂಗಡಿ ಇಟ್ಟು, ಕಾಲೇಜು ಲ್ಯಾಬುಗಳಿಗೆ ಮಾಲು ಕೊಡುವಷ್ಟು ಬೆಳೆದಿದ್ದೆ. ಲಲಿತಮ್ಮ ಮೈಸೂರಿನವರು, ವಿಲೆ ಪಾರ್ಲೆಯಲ್ಲಿ ಟೀಚರು. ಬೂಚು ಬದಲಿಸಲು ಏಳು ಪುಟ್ಟ ಸೀಸೆ ತಂದರು; ಒಳಗೆ ಚಿಟಿಕೆ ಚಿಟಿಕೆ ಕಾಳು, ಹೊರಗೆ ಅಂಟಿಸಿದ ಚೀಟಿ.

"ರವಾ ಏನ್ರಿ ಬಾಯಾರ? ಉಪ್ಪಿಟ್ಟಿಗೂ ಸಾಲಂಗಿಲ್ಲಲ್ಲ."

ನಕ್ಕರು. "ಶಾರ್ಕ್ ಮೀನಿನ ಚರ್ಮದ ಹುರುಪೆ. ಕಲ್ಲಾಗಿ ಉಳಿದಿದೆ. ರಜೆಯಲ್ಲೆಲ್ಲ ಒಂದು ಗಣಿಯ ಕಲ್ಲಿಂದ ಆರಿಸಿದ್ದು, ಮೂರು ವರ್ಷ ಹಿಡೀತು. ಮೇಲಿನ ಗೀರು ತೆಳ್ಳಗಿದ್ರೆ ತೆರೆದ ಕಡಲಲ್ಲಿ ಈಜಿದ್ದು, ದಪ್ಪಗಿದ್ರೆ ಬಂಡೆ ಸಂದೀಲಿ ಬಾಳಿದ್ದು. ಒಂದೊಂದು ಸೀಸೆ ಕಲ್ಲಿನ ಒಂದೊಂದು ಪದರದ್ದು. ಕೆಳಗಿಂದ ಮೇಲಕ್ಕೆ ಎಣಿಸಿದ್ರೆ ಆ ಸಮುದ್ರ ಹೇಗೆ ಬದಲಾಯ್ತು ಅಂತ ಗೊತ್ತಾಗುತ್ತೆ. ಎಣಿಕೆ ಇನ್ನೂ ಬಾಕಿ. ಯಾವ ಸೀಸೆ ಯಾವ ಪದರದ್ದು ಅಂತ ಹೇಳೋದು ಚೀಟಿ ಮಾತ್ರ, ಜೋಪಾನ."

ನಮ್ಮ ಧಂದೆಯಲ್ಲಿ ಅಂಗಡಿಗೆ ಬಂದ ಸೀಸೆ ಮೊದಲು ಹೋಗುವುದು ವಾಷಿಂಗ್ ಸೋಡಾದ ಟಬ್ಬಿಗೆ. ಚೀಟಿ ಬಿಟ್ಟು ಗಾಜು ಹೊಳೆದರೇ ಬೆಲೆ. ರಬ್ಬರ್ ಬೂಚು ಬಿಗಿದ ಕೈ, ರೂಢಿಯಂತೆ, ಏಳನ್ನೂ ಮುಳುಗಿಸಿತು. ಗಿರಾಕಿಯೊಡನೆ ಮಾತಾಡಿ ತಿರುಗಿದರೆ—ಏಳು ಚೀಟಿ ತೇಲುತ್ತಿದ್ದವು.

ಹೆಸರು ಕೆಟ್ಟರೆ ಕಾಲೇಜುಗಳು ಹೋಗುತ್ತವೆ, ಅಂಗಡಿ ಹೋಗುತ್ತದೆ, ಮತ್ತೆ ಬರಿಗೈ... ಚೀಟಿ ಒಣಗಿಸಿ ತೋಚಿದಂತೆ ಅಂಟಿಸಿದೆ.

"ಹೊಸ ಗೋಂದು ಹಚ್ಚಿದ್ದೀರಾ?" ಸೀಸೆ ಒಯ್ಯಲು ಬಂದ ಲಲಿತಮ್ಮ ಕೇಳಿದರು.

"ಸಡಲ ಆಗಿದ್ದೂರಿ. ಅವ ಚೀಟಿ, ಅವ ಸೀಸೆ."

ನಂಬಿದರು.

ವರ್ಷದ ಮೇಲೆ ಬಂದಾಗ ಮುಖ ಇಳಿದಿತ್ತು. "ಎಣಿಸಿದ್ರೆ ಒಮ್ಮೆ ತೆರೆದ ಕಡಲು, ಒಮ್ಮೆ ದಡದ ಬಂಡೆ, ಮತ್ತೆ ಕಡಲು. ನಿಮ್ಮ ಸಮುದ್ರಕ್ಕೆ ಹುಚ್ಚು ಹಿಡಿದಿದೆ ಅಂತ ದೊಡ್ಡ ವಿದ್ವಾಂಸರು ನಕ್ಕರು. ನನ್ನ ಎಣಿಕೆಯೇ ತಪ್ಪಿರಬೇಕು. ಮತ್ತೆ ಕಲ್ಲು ತರೋಣ ಅಂದ್ರೆ ಆ ಗಣೀಲಿ ನೀರು ನಿಂತಿದೆ." ಏಳು ಸೀಸೆಗಳನ್ನು ಕಟ್ಟೆಯ ಮೇಲಿಟ್ಟರು. "ತೊಳೆದು ಮಾರಿಕೊಳ್ಳಿ."

ನಾನು ಬಾಯಿ ತೆರೆದೆ—ಚಹಾ ತರಿಸಲೇ ಎಂದೆ.

ಬೇಡವೆಂದು ಸ್ಟೇಷನ್ನಿನ ಕಡೆ ಹೋದರು. ಆಮೇಲೆ ಮೈಸೂರಿನ ಮಾತು ಬಾಗಿಲಲ್ಲಿ ಕೇಳಿದಾಗಲೆಲ್ಲ ಗಲ್ಲಾ ಬಿಟ್ಟು ಒಳಗೆ ಸರಿದಿದ್ದೇನೆ. ಸೀಸೆಗಳನ್ನು ತೊಳೆಯಲಿಲ್ಲ, ಮಾರಲಿಲ್ಲ; ಕಣ್ಣಿಗೆ ಬೀಳದಂತೆ ಇಟ್ಟಿದ್ದೇನೆ.

ಲಲಿತಮ್ಮ, ನಿಮ್ಮ ಎಣಿಕೆ ತಪ್ಪಿರಲಿಲ್ಲ.

ಓದುವವರಿಗೆ ನನ್ನ ಸಲಹೆ: ಸೀಸೆಗೆ ಚೀಟಿ ಎರಡು ಬರೆಯಿರಿ, ಪೆನ್ಸಿಲ್ಲಿನಲ್ಲಿ, ಒಂದನ್ನು ಸೀಸೆಯ ಒಳಗೇ ಹಾಕಿ. ಇನ್ನೊಬ್ಬರ ಸೀಸೆಯ ಚೀಟಿ ನಿಮ್ಮ ಕೈಯಲ್ಲಿ ಕಳಚಿತೋ, ಬೋಳು ಸೀಸೆಯನ್ನೇ ಹಿಂತಿರುಗಿಸಿ. ಬೈಸಿಕೊಳ್ಳಿ. ಅವತ್ತೇ.