ನಲವತ್ತು ಬಿಲ್ಲೆ

ಕಾಡಿನ ಗೇಟಿನಲ್ಲಿ ಜನರ ಕೈಗೆ ತಗಡಿನ ಬಿಲ್ಲೆ ಕೊಡುವ ಏರ್ಪಾಡು ಮಾಡಿದವನು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಂಜನಗೂಡು ತಾಲ್ಲೂಕಿನ ಅಂಚಿನ ಆ ಗೇಟಿಗೆ ನನ್ನನ್ನು ಗಾರ್ಡಾಗಿ ಹಾಕಿದಾಗ, ಒಳಗಿನ ಅಮ್ಮನ ಗುಡಿಗೆ ಬರುವ ಜನಕ್ಕೆ ಹಿಡಿತವೇ ಇರಲಿಲ್ಲ. ಕಾಡಲ್ಲೇ ಒಲೆ ಹೂಡುವರು, ಉಂಡು ಅಲ್ಲೇ ಮಲಗುವರು, ಬೆಂಕಿ ಆರಿಸದೆ ಎದ್ದು ಬರುವರು. ಒಬ್ಬನನ್ನು ಆನೆ ತುಳಿದ ಮೇಲೆ ರೇಂಜರು ದಿನಕ್ಕೆ ನಲವತ್ತೇ ಜನ, ಐದೂವರೆಗೆಲ್ಲ ಆಚೆ ಎಂದು ಆರ್ಡರ್ ಮಾಡಿದರು. ಆರ್ಡರ್ ಮಾಡುವುದೇನು ಮಹಾ! ತಲೆ ಎಣಿಸಬೇಕಾದವನು ನಾನು.

ನಂಜನಗೂಡಿನ ಪೇಟೆಯಲ್ಲಿ ಸೀಮೆಎಣ್ಣೆ ಡಬ್ಬ ಕತ್ತರಿಸಿ ನಲವತ್ತು ಬಿಲ್ಲೆ ಮಾಡಿಸಿ ನಂಬರು ಹೊಡೆಸಿದೆ. ಒಳಗೆ ಹೋಗುವವರಿಗೆ ಒಂದೊಂದು. ಸಂಜೆ ಅದನ್ನು ಹಿಂದಕ್ಕೆ ಕೊಟ್ಟು ಹೋಗಬೇಕು. ಗೋಡೆಯ ಮೊಳೆಗಳಲ್ಲಿ ನಲವತ್ತೂ ನೇತಾಡಿದರೆ ಕಾಡು ಖಾಲಿ. ರೇಂಜರು ಬೇರೆ ಗೇಟಿನವರನ್ನು ಕರೆತಂದು ತೋರಿಸಿದರು. ನನಗೆ ಕೊಂಬು ಮೂಡಿತು.

ಒಂದು ಸೋಮವಾರ ಹೆಮ್ಮಿಗೆ ಕಡೆಯ ಗಂಡ ಹೆಂಡತಿ ಬಂದರು. ಮದುವೆಯಾಗಿ ಏಳೆಂಟು ವರ್ಷವಾಯ್ತು, ಮಕ್ಕಳಿಲ್ಲ, ಹರಕೆ ಇದೆ ಅಂತ ಅವಳೇ ಹೇಳಿದಳು. ಎರಡು ಬಿಲ್ಲೆಯನ್ನೂ ಗಂಡನೇ ಜೇಬಿಗೆ ಹಾಕಿಕೊಂಡ.

ಸಂಜೆ ಗುಂಪಿನ ನಡುವೆ ಬಂದು ಎರಡನ್ನೂ ನನ್ನ ಅಂಗೈಗೆ ಹಾಕಿ ಬಸ್ಸಿಗೆ ಓಡಿದ. ಮೊಳೆಗಳೆಲ್ಲ ತುಂಬಿದವು. ಗೇಟಿಗೆ ಬೀಗ ಹಾಕಿ ಬೀಡಿ ಹಚ್ಚಿದೆ. ಬೀಡಿ ಇನ್ನೂ ಮುಗಿದಿರಲಿಲ್ಲ, ಆ ಹೆಂಗಸು ಗೇಟಿನ ಒಳಗಡೆ ನಿಂತಿದ್ದಳು. ಹಣೆ ತುಂಬ ಕುಂಕುಮ, ಕೈಯಲ್ಲಿ ಹಣ್ಣುಕಾಯಿ ಬುಟ್ಟಿ. ನೀನು ಗುಡಿ ಸುತ್ತು, ನಾನು ಇಲ್ಲೇ ಕೂತಿರುತ್ತೇನೆ ಅಂದಿದ್ದ ಗಂಡ ಕಾಣಲಿಲ್ಲವಂತೆ. ಹುಡುಕಿ ಹುಡುಕಿ ಹೊತ್ತಾಯಿತಂತೆ.

ಬೆಳಿಗ್ಗೆ ನಾನೇ ಒಳಗೆ ಬಿಟ್ಟ ಮುಖ. ಗುರುತು ಸಿಗಲಿಲ್ಲ ಅಂದರೆ ನನ್ನ ಬಾಯಿಗೆ ಹುಳ ಬೀಳಲಿ. ಆದರೆ ಅವಳ ಮಾತು ನಿಜವೆಂದರೆ ನನ್ನ ಬಿಲ್ಲೆ ಸುಳ್ಳಾಗುತ್ತಿತ್ತು, ರೇಂಜರ ಮುಂದೆ ನನ್ನ ಮಾನ ಹೋಗುತ್ತಿತ್ತು. ಮೈಯೆಲ್ಲ ಉರಿಯಿತು. ಕಳ್ಳದಾರಿಯಲ್ಲಿ ಸೌದೆಗೆ ನುಗ್ಗಿದವಳು ನೀನು ಎಂದು ಗದರಿದೆ.

"ನನ್ ಬಿಲ್ಲೆ ನಮ್ಮೆಜಮಾನ್ರ ತಾವ ಅದೆ ಸಾ. ನೀವೇ ಕೊಟ್ರಲ್ಲ, ಗ್ಯಾನ ಇಲ್ವಾ?"

ಇಲ್ಲ ಅಂದೆ. ಅವಳ ಮುಖ ನೋಡಿಕೊಂಡೇ ಇಲ್ಲ ಅಂದೆ.

ರಾತ್ರಿ ಗೇಟಿನ ಶೆಡ್ಡಿನಲ್ಲಿ ಕೂಡಿಹಾಕಿ ಬೆಳಿಗ್ಗೆ ರೇಂಜ್ ಆಫೀಸಿಗೆ ಕರೆದೊಯ್ದೆ. ಬಿಲ್ಲೆಯಿಲ್ಲದೆ ಅಕ್ರಮವಾಗಿ ಕಾಡು ಹೊಕ್ಕ ಹೆಂಗಸು, ಹೊತ್ತು ಮೀರಿದ ಮೇಲೆ ಒಬ್ಬಳೇ ಸಿಕ್ಕಿದಳು ಎಂದು ನಾನೇ ಬರೆದು ಹೆಬ್ಬೆಟ್ಟು ಒತ್ತಿಸಿದೆ. ರೇಂಜರು ಬೈದು ಬಿಟ್ಟುಕಳಿಸಿದರು. ಹೊರಗೆ ಬಂದವಳು ಹೆಮ್ಮಿಗೆಗೆ ಯಾವ ಬಸ್ಸು ಎಂದು ಕೇಳಿದಳು. ಸ್ಟ್ಯಾಂಡಿನಲ್ಲಿ ವಿಚಾರಿಸು ಹೋಗು ಅಂದೆ.

ಮೂರು ತಿಂಗಳಾದ ಮೇಲೆ ಅವಳ ಗಂಡ ರೇಂಜ್ ಆಫೀಸಿಗೆ ಬಂದ. ಅಷ್ಟು ಹೊತ್ತಿಗೆ ಅಲ್ಲಿನ ಬರವಣಿಗೆ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಅವನದು ಒಗೆದ ಪಂಚೆ, ಎಣ್ಣೆ ಹಚ್ಚಿದ ತಲೆ, ಬಾಯಿ ತುಂಬ ವಿನಯ. ಹೆಂಡತಿಯನ್ನು ತವರಿಗೆ ಅಟ್ಟಿದ್ದಾನಂತೆ. ಕಾಡಿನಲ್ಲಿ ಯಾರ ಜೊತೆಗೋ ಇದ್ದು ಸಿಕ್ಕಿಬಿದ್ದವಳು ಎಂದು ಊರ ಯಜಮಾನರ ಮುಂದೆ ಹೇಳಿದ್ದಾನೆ. ಅವಳು ಮಾತ್ರ, ಗಂಡನೇ ಬಿಟ್ಟುಬಂದ ಅಂತ ಪಟ್ಟು ಹಿಡಿದಿದ್ದಾಳೆ. ನಾಳೆ ಪಂಚಾಯ್ತಿ. ಅವಳು ಬಿಲ್ಲೆಯಿಲ್ಲದೆ ತಾನಾಗೇ ಕಾಡು ಹೊಕ್ಕಳು ಎಂದು ನಾನು ಬರೆದ ಕಾಗದದ ನಕಲು ಸಿಕ್ಕರೆ ಅವಳಿಂದ ಬಿಡುಗಡೆ ಆಗುತ್ತದೆ; ಬೇರೆ ಹೆಣ್ಣನ್ನೂ ನೋಡಿಟ್ಟಿದ್ದಾನೆ.

ಹಾಳಾದವನೇ, ಆ ದಿನ ಎರಡು ಬಿಲ್ಲೆ ಯಾಕೆ ಕೊಟ್ಟೆ ಎಂದು ಕೇಳಿದೆ. ಅವನು ಕೋಪ ಮಾಡಿಕೊಳ್ಳಲಿಲ್ಲ.

"ನೀವೂ ಎರಡು ಅಂತ ಎಣಿಸ್ಕೊಂಡ್ರಲ್ಲ ಸಾ. ಈಗ ಆಚೆ ಬಂದದ್ದು ಒಂದೇ ತಲೆ ಅಂತ ಬರ್ಕೊಡ್ತೀರಾ?"

ಬರೆದುಕೊಡಬಹುದಿತ್ತು. ಈಕೆ ಬಿಲ್ಲೆ ಪಡೆದೇ ಒಳಗೆ ಹೋದವಳು ಎಂದು ಒಂದು ಸಾಲು ಬರೆದಿದ್ದರೆ ಅವಳ ಮಾನ ಉಳಿಯುತ್ತಿತ್ತು. ಕೆಲಸ ಹೋದರೆ ಹದಿನಾರು ಎಂಬ ಊರಿನಲ್ಲಿರುವ ನನ್ನ ಮನೆಗೆ ಯಾರು ಅನ್ನ ಹಾಕುತ್ತಾರೆ ಎಂದುಕೊಂಡೆ. ಅದೂ ನೆಪವೇ. ತಪ್ಪೊಪ್ಪಿಕೊಳ್ಳುವ ಗಂಡಸುತನ ನನಗಿರಲಿಲ್ಲ.

ದುಂಡಗಿನ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ ನಕಲು ಬರೆದೆ. ಸೀಲು ಮಸುಕಾಗಿ ಬಿದ್ದಿತ್ತು. ಪಂಚಾಯ್ತಿಯವರಿಗೆ ಕಾಣುವುದಿಲ್ಲ ಸಾ ಅಂದ. ಇನ್ನೊಂದು ಸಲ ಒತ್ತಿಕೊಟ್ಟೆ.